ಪೆಟ್ಟಿಗೆಯೊಳಗಿನ ಪಿನ್ನು ಹೊರಗೆ ಬಂದ ಕಥೆ

ಹಾಡು ಚರಣಕ್ಕೆ ಬಂದಿರುತ್ತದೆ. ಇದ್ದಕ್ಕಿದ್ದಂತೆ ಎಡಗಡೆಯ ಸ್ಪೀಕರ್ ಮೂಕಾಗುತ್ತದೆ. ಆಂಪ್ಲಿಫೈಯರ್ ತಲೆಗೆ ಒಂದೇಟು ಕೊಟ್ಟರೆ ದನಿ ಮರಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮಾಯ. ಬೇಸತ್ತು ರಿಪೇರಿ ಅಂಗಡಿಗೆ ಹೊತ್ತೊಯ್ದರೆ ಅಲ್ಲಿ ಸೊಗಸಾಗಿ ಹಾಡುತ್ತದೆ. ಮನೆಗೆ ತಂದರೆ ಹಳೇ ಚಾಳಿ. ಇದರಲ್ಲಿ ಮಾಟವೇನೂ ಇಲ್ಲ. ಅಂಗಡಿಗೆ ಹೋದದ್ದು ಆಂಪ್ಲಿಫೈಯರ್ ಮಾತ್ರ. ಕೆಟ್ಟಿದ್ದ ವೈರು, ಪಿನ್ನು ಮನೆಯಲ್ಲೇ ಉಳಿದಿದ್ದವು.

ಬಂದು ಹೋಗುವ ದನಿಯ ಕಾಯಿಲೆ ಬಹುಪಾಲು ಇರುವುದು ಎರಡು ಲೋಹಗಳು ತಾಕುವ ಜಾಗದಲ್ಲಿ. ಆ ಜಾಗ ಇಷ್ಟು ದುರ್ಬಲವಾಗಿರಲು ಕಾರಣ ಹುಡುಕುತ್ತ ಹೋದರೆ 1930ರ ದಶಕದ ಅಮೆರಿಕದ ಒಂದು ಮರದ ಪೆಟ್ಟಿಗೆ ಎದುರಾಗುತ್ತದೆ.

ರೇಡಿಯೊ ಕಂಪನಿ ಆರ್‌ಸಿಎ 1929ರಲ್ಲಿ ಗ್ರಾಮಫೋನ್ ತಯಾರಿಸುತ್ತಿದ್ದ ವಿಕ್ಟರ್ ಕಂಪನಿಯನ್ನು ಕೊಂಡುಕೊಂಡಿತು. ರೇಡಿಯೊ, ಗ್ರಾಮಫೋನ್ ಎರಡೂ ಒಂದೇ ಕಪಾಟಿನಲ್ಲಿ ಕೂತ ದೊಡ್ಡ ಸೆಟ್ಟುಗಳು ಬಂದವು. ಮೇಲೆ ತಿರುಗುವ ತಟ್ಟೆ, ಕೆಳಗೆ ರೇಡಿಯೊ. ಮುಳ್ಳಿನ ಕಡೆಯಿಂದ ಇಳಿದುಬರುವ ವೈರನ್ನು ರೇಡಿಯೊಗೆ ಕೂಡಿಸಲು ಅಗ್ಗದ ಪಿನ್ನು ಬೇಕಿತ್ತು. ನಡುವೆ ಟೊಳ್ಳು ಕಡ್ಡಿ, ಅದರೊಳಗೆ ವೈರು ತೂರಿಸಿ ತುದಿಗೆ ಬೆಸುಗೆ. ಸುತ್ತ ಹೂವಿನ ಎಸಳಿನಂತೆ ಸೀಳಿದ ತಗಡಿನ ಬಳೆ. ಇಷ್ಟೇ. ಸೆಟ್ಟು ಕೆಟ್ಟಾಗ ಮೆಕ್ಯಾನಿಕ್ ಬಂದು ಬಿಚ್ಚಬೇಕು, ರಿಪೇರಿಯಾದ ಮೇಲೆ ಅವನೇ ಸಿಕ್ಕಿಸಬೇಕು. ಮನೆಯವರು ಅದನ್ನು ಮುಟ್ಟುವ ಪ್ರಸಂಗವೇ ಇರಲಿಲ್ಲ. ಆ ಕೆಲಸಕ್ಕೆ ಅದು ಧಾರಾಳವಾಗಿ ಸಾಕಿತ್ತು.

ಆ ಪಿನ್ನು ಪೆಟ್ಟಿಗೆಯಿಂದ ಆಚೆ ಬಂದ ಕಥೆಯಲ್ಲಿ ಒಂದು ದೊಡ್ಡ ಜಗಳವಿದೆ. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ತಟ್ಟೆ ತಂದಿತು. ಆರ್‌ಸಿಎ ಮುಖ್ಯಸ್ಥ ಡೇವಿಡ್ ಸಾರ್ನಾಫ್ ಅದನ್ನು ಒಪ್ಪಲಿಲ್ಲ. 1949ರಲ್ಲಿ ಅವರ ಕಂಪನಿ 45 ಸುತ್ತಿನ, ನಡುವೆ ದೊಡ್ಡ ತೂತಿನ ಪುಟ್ಟ ತಟ್ಟೆಯನ್ನು ಎದುರು ನಿಲ್ಲಿಸಿತು. ಜನರ ಮನೆಯಲ್ಲಿದ್ದ ಯಂತ್ರಗಳು 78 ಸುತ್ತಿನವು. ಹೊಸ ತಟ್ಟೆ ಮಾರಬೇಕಾದರೆ ಹೊಸ ಯಂತ್ರ ಅಗ್ಗವಾಗಿ ಸಿಗಬೇಕು. ಆರ್‌ಸಿಎ ತನ್ನ 9ಜೆವೈ ಎಂಬ ಪುಟ್ಟ ಪ್ಲೇಯರನ್ನು 12.95 ಡಾಲರಿಗೆ ಕೊಟ್ಟಿತು. ಅದಕ್ಕೆ ಸ್ವಂತ ಸ್ಪೀಕರೂ ಇಲ್ಲ, ಆಂಪ್ಲಿಫೈಯರೂ ಇಲ್ಲ. ಅದರ ವೈರನ್ನು ಮನೆಯ ರೇಡಿಯೊ ಹಿಂದಿನ ಸಾಕೆಟ್ಟಿಗೆ ಸಿಕ್ಕಿಸಬೇಕು. ಮೆಕ್ಯಾನಿಕ್ಕಿನ ಕೈಯಲ್ಲಿದ್ದ ಪಿನ್ನು ಹೀಗೆ ಗಿರಾಕಿಯ ಕೈಗೆ ಬಂತು. ಮರುವರ್ಷವೇ ಆರ್‌ಸಿಎ ಎಲ್‌ಪಿ ಹೊರತರಲು ಶುರುಮಾಡಿತು, ಕೊಲಂಬಿಯಾ ಕೊನೆಗೆ 45ನ್ನು ಒಪ್ಪಿತು. ಜಗಳ ಮುಗಿಯಿತು, ಪಿನ್ನು ಹೊರಗೇ ಉಳಿಯಿತು.

1950ರ ದಶಕದಲ್ಲಿ ಸಂಗೀತಪ್ರಿಯರು ಕಪಾಟಿನ ಸೆಟ್ಟನ್ನೇ ಬಿಡಿಸಿ ಹಾಕಿದರು. ಟರ್ನ್‌ಟೇಬಲ್ ಒಬ್ಬರದು, ಆಂಪ್ಲಿಫೈಯರ್ ಇನ್ನೊಬ್ಬರದು. ಆಂಪ್ಲಿಫೈಯರ್ ತಯಾರಿಸುತ್ತಿದ್ದ ಸಾಲ್ ಮರಾಂಟ್ಜ್, ಏವರಿ ಫಿಶರ್ ಅಂಥವರು ಹೆಸರಾದದ್ದು ಆಗಲೇ. ಎಲ್ಲವನ್ನೂ ಕೂಡಿಸಲು ಅದೇ ಅಗ್ಗದ ಪಿನ್ನು. 1958ರಲ್ಲಿ ಸ್ಟೀರಿಯೊ ತಟ್ಟೆ ಮಾರುಕಟ್ಟೆಗೆ ಬಂದಾಗ ಒಂದಿದ್ದ ಕಡೆ ಎರಡಾಯಿತು. ಕೆಡಬಹುದಾದ ಜಾಗಗಳೂ ಇಮ್ಮಡಿಯಾದವು.

ಯುರೋಪಿನವರು ಬೇರೆ ದಾರಿ ಹಿಡಿದರು. ಜರ್ಮನಿಯ ಡಿನ್ ಪ್ಲಗ್ಗಿನಲ್ಲಿ ಒಂದೇ ಸುತ್ತಿನೊಳಗೆ 5 ಕಡ್ಡಿ. ಎಡ, ಬಲ, ಹೋಗುವುದು, ಬರುವುದು ಎಲ್ಲವೂ ಒಂದರಲ್ಲೇ. ಸಿಕ್ಕಿಸುವಾಗ ಮೊದಲು ತಾಕುವುದು ಅರ್ತ್ ಆದ ಹೊರಕವಚ. ಆರ್‌ಸಿಎ ಪಿನ್ನಿನಲ್ಲಿ ಇದು ತಿರುವುಮುರುವು. ನಡುಗಡ್ಡಿ ಮೊದಲು ತಾಕಿ, ಬಳೆ ಆಮೇಲೆ ಕೂಡುತ್ತದೆ. ಸೆಟ್ಟು ಚಾಲೂ ಇರುವಾಗ ಸಿಕ್ಕಿಸಿದರೆ ಭರ್ರೆಂದು ಸ್ಪೀಕರ್ ಹರಿಯುವಂತೆ ಕೂಗುವುದು ಅದಕ್ಕೇ. ಬ್ರಿಟನ್ನಿನ ಕ್ವಾಡ್ ಕಂಪನಿ 1967ರ ತನ್ನ ಕ್ವಾಡ್ 33 ಪ್ರಿ-ಆಂಪ್ಲಿಫೈಯರಿಗೆ ಡಿನ್ ಇಟ್ಟಿತು. ನೇಮ್ ಕಂಪನಿ ಬಹಳ ಕಾಲ ಅದನ್ನು ಬಿಡಲಿಲ್ಲ. ನಮ್ಮಲ್ಲೂ 70-80ರ ದಶಕದ ಹಲವು ಸೆಟ್ಟುಗಳ ಬೆನ್ನಿನಲ್ಲಿ ಡಿನ್ ಸಾಕೆಟ್ಟು ಸಿಗುತ್ತದೆ. ಆದರೂ ಗೆದ್ದದ್ದು ಅಗ್ಗದ್ದೇ. ವಿಸಿಡಿ, ಡಿವಿಡಿ ಕಾಲಕ್ಕೆ ಹಳದಿ, ಕೆಂಪು, ಬಿಳಿ ಪಿನ್ನಿನ ವೈರು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಅಂಗಡಿಯಲ್ಲಿ ಕಟ್ಟುಗಟ್ಟಲೆ ನೇತಾಡುತ್ತಿತ್ತು.

ಆ ಪಿನ್ನನ್ನು ಕಿತ್ತು ಬೆಳಕಿಗೆ ಹಿಡಿದು ನೋಡಬೇಕು. ವರ್ಷಗಳ ಮೇಲೆ ಬಳೆಯ ಎಸಳು ಅಗಲವಾಗಿ ಹಿಡಿತ ಸಡಿಲಿಸಿರುತ್ತದೆ. ಹೊಳಪು ಸತ್ತು ಲೋಹದ ಮೇಲೆ ಮಬ್ಬು ಪೊರೆ ಕಟ್ಟಿರುತ್ತದೆ. ಪಿನ್ನಿನಲ್ಲಿ ಹರಿಯುವ ಸಿಗ್ನಲ್ ಸುಮಾರು 0.3 ವೋಲ್ಟಿನಿಂದ 2 ವೋಲ್ಟಿನಷ್ಟು. ಟರ್ನ್‌ಟೇಬಲ್ಲಿನದಾದರೆ ಕೆಲವೇ ಮಿಲಿವೋಲ್ಟು. ಪೊರೆಯನ್ನು ಭೇದಿಸಿ ದಾಟುವ ತ್ರಾಣ ಅದಕ್ಕಿಲ್ಲ. ನೀವು ಕೊಟ್ಟ ಏಟಿಗೆ ಪಿನ್ನು ಕೂದಲೆಳೆಯಷ್ಟು ಸರಿದು ಹೊಸ ಜಾಗಕ್ಕೆ ತಾಕುತ್ತದೆ, ದನಿ ಬರುತ್ತದೆ. ನೋಸ್ ಪ್ಲೈಯರಿನಲ್ಲಿ ಎಸಳುಗಳನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ, ನಾಲ್ಕಾರು ಸಲ ತಿರುಗಿಸುತ್ತ ಸಿಕ್ಕಿಸಿದರೆ ಎಷ್ಟೋ ಸೆಟ್ಟುಗಳು ಅಲ್ಲಿಗೇ ಗುಣವಾಗುತ್ತವೆ.

ಇದೇ ಬಗೆಯ ಇನ್ನೊಂದು ಕೂಡಿಕೆ ಆಂಪ್ಲಿಫೈಯರಿನ ಒಳಗೇ ಇದೆ. ಸ್ವಿಚ್ ಹಾಕಿ ಎರಡು ಮೂರು ಸೆಕೆಂಡಿಗೆ ಒಳಗಿಂದ ಟಿಕ್ ಎನ್ನುವುದು ರಿಲೇ. ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಔಟ್‌ಪುಟ್ಟಿನ ಕೆಪ್ಯಾಸಿಟರ್ ತೆಗೆದುಹಾಕಿದ ಮೇಲೆ, ಟ್ರಾನ್ಸಿಸ್ಟರ್ ಸುಟ್ಟರೆ ಡಿಸಿ ನೇರ ಸ್ಪೀಕರಿಗೆ ನುಗ್ಗಿ ಕಾಯಿಲನ್ನು ಸುಡುವ ಭಯವಿತ್ತು. ಅದನ್ನು ತಡೆಯಲು ಈ ಕಾವಲು. ಕಾವಲಿನವನ ಕಾಂಟ್ಯಾಕ್ಟಿಗೂ ಪೊರೆ ಕಟ್ಟುತ್ತದೆ. ಸಣ್ಣ ವಾಲ್ಯೂಮಿನಲ್ಲಿ ಒಂದು ಕಡೆ ದನಿಯಿಲ್ಲ, ವಾಲ್ಯೂಮ್ ಏರಿಸಿದೊಡನೆ ಧುತ್ತೆಂದು ಬರುತ್ತದೆ ಎಂದರೆ ಮೊದಲ ಅನುಮಾನ ರಿಲೇ ಮೇಲೆ. ಹೊಸದು ಹಾಕಿಸುವುದೇ ಸರಿ.

ದೋಷ ಎಲ್ಲಿದೆ ಎಂದು ಹಿಡಿಯಲು ಮೀಟರೂ ಬೇಡ. ಎಡ-ಬಲ ಅದಲುಬದಲು ಮಾಡುವುದೊಂದೇ ಉಪಾಯ, ಅದೂ ಪ್ರತಿ ಸಲ ಸ್ವಿಚ್ ಆರಿಸಿಯೇ. ಮೊದಲು ಸ್ಪೀಕರ್ ವೈರುಗಳನ್ನು ಆಂಪ್ಲಿಫೈಯರಿನ ಬಳಿ ಬದಲಿಸಿ. ಅದೇ ಸ್ಪೀಕರ್ ಮೂಕಾದರೆ ತಪ್ಪು ಸ್ಪೀಕರಿನದು ಅಥವಾ ಅದರ ವೈರಿನದು. ಇನ್ನೊಂದು ಮೂಕಾದರೆ ಅವನ್ನು ಮೊದಲಿನಂತೆ ಹಾಕಿ, ಹಿಂದಿನ ಕೆಂಪು-ಬಿಳಿ ಪಿನ್ನುಗಳನ್ನು ಬದಲಿಸಿ. ಮೌನ ಆಚೆ ಬದಿಗೆ ಹೋದರೆ ಪ್ಲೇಯರು ಅಥವಾ ಪಿನ್ನಿನ ವೈರು. ಹೋಗದಿದ್ದರೆ ಆಂಪ್ಲಿಫೈಯರಿನೊಳಗೆ: ವಾಲ್ಯೂಮ್ ಕಂಟ್ರೋಲು, ಸೆಲೆಕ್ಟರು, ಹೆಡ್‌ಫೋನ್ ಸಾಕೆಟ್ಟಿನ ಒಳಸ್ವಿಚ್ಚು, ರಿಲೇ, ಇಲ್ಲವೇ ಸರಿಯಾಗಿ ಕೂಡದ ಬೆಸುಗೆ (ಡ್ರೈ ಸೋಲ್ಡರು).

ಇಷ್ಟನ್ನು ಮಾಡದೆ ಒಳ್ಳೊಳ್ಳೆಯ ಆಂಪ್ಲಿಫೈಯರುಗಳನ್ನು ಗುಜರಿಗೆ ತೂಕಕ್ಕೆ ಹಾಕುತ್ತಿರುವುದು ಕಂಡಾಗ ಹೊಟ್ಟೆ ಉರಿಯುತ್ತದೆ. ಆ ಸೆಟ್ಟುಗಳನ್ನು ಬಿಚ್ಚಿ ಸರಿಮಾಡಲೆಂದೇ ಕಟ್ಟಿದ್ದರು. ಈಗಿನ ಬ್ಲೂಟೂತ್ ಸ್ಪೀಕರ್‌ಗಳನ್ನು ಅಂಟು ಹಾಕಿ ಮುಚ್ಚುತ್ತಾರೆ, ಬಿಚ್ಚಿದರೆ ಮುರಿಯುತ್ತವೆ.

ಬಲ್ಲ ಮೆಕ್ಯಾನಿಕ್‌ಗಳು ಕಡಿಮೆಯಾದದ್ದರಲ್ಲಿ ನಮ್ಮ ಪಾಲೂ ಇದೆ. ಬಂದು ಹೋಗುವ ದೋಷವನ್ನು ಹಿಡಿಯಲು ಅವರು ಇಡೀ ದಿನ ಸೆಟ್ಟಿನ ಮುಂದೆ ಕೂತಿರಬೇಕು, ಅದು ಕೈಕೊಡುವ ತನಕ ಕಾಯಬೇಕು. ಕೊನೆಗೆ ಬದಲಿಸಿದ್ದು ಒಂದು ಸಣ್ಣ ರಿಲೇ ಎಂದು ಗೊತ್ತಾದೊಡನೆ ನಾವು ಚೌಕಾಸಿಗೆ ಇಳಿಯುತ್ತೇವೆ. ನಾವು ಕೊಡಬೇಕಾದದ್ದು ರಿಲೇಯ ಬೆಲೆಯನ್ನಷ್ಟೇ ಅಲ್ಲ, ಹುಡುಕಿದ ದಿನದ ಕೂಲಿಯನ್ನೂ. ಅದನ್ನು ಕೊಡುವ ಊರಿನಲ್ಲಿ ರಿಪೇರಿ ಅಂಗಡಿಯೂ ಉಳಿಯುತ್ತದೆ, ಸೆಟ್ಟೂ ಉಳಿಯುತ್ತದೆ.