ದೂರದ ಬೆಟ್ಟದ ಬಣ್ಣ

ಚಂದ್ರದ್ರೋಣ ಪರ್ವತಶ್ರೇಣಿಯನ್ನು ತೋರಿಸುವ ಮೋಜಣಿ ನಕಾಶೆಯೊಂದು ಬಹುಕಾಲದಿಂದ ನನ್ನ ಬರೆಯುವ ಮೇಜಿನ ಗಾಜಿನ ಕೆಳಗಿದೆ. 1:50,000 ಪ್ರಮಾಣದಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯವರು ಅಚ್ಚುಮಾಡಿದ ಆ ಹಾಳೆಯಲ್ಲಿ, ಸಮುದ್ರಮಟ್ಟದಿಂದ ಸಮಾನವಾದ ಎತ್ತರದಲ್ಲಿರುವ ಬಿಂದುಗಳನ್ನೆಲ್ಲ ಕೂಡಿಸಿ, 20 ಮೀಟರಿಗೊಂದರಂತೆ ಎಳೆದ ಕಂದು ಬಣ್ಣದ ಸಮೋನ್ನತಿ ರೇಖೆಗಳು, ಬಯಲಿನಲ್ಲಿ ಒಂದರಿಂದೊಂದು ದೂರ ಸರಿದು ಸಾವಕಾಶವಾಗಿ ಹರಿಯುತ್ತ, ಗಿರಿಯ ಮೈಗೆ ಬಂದೊಡನೆ ಒತ್ತೊತ್ತಾಗಿ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ಸುತ್ತ ಹೆಬ್ಬೆಟ್ಟಿನ ಗುರುತಿನಂತೆ ಸುರುಳಿಗೊಂಡಿವೆ. ಅಲ್ಲಿಯ ಯಾವ ತೋಟದ, ಯಾವ ತೊರೆಯ ಎತ್ತರವನ್ನು ಕೇಳಿದರೂ ಆ ಹಾಳೆ ಉತ್ತರ ಹೇಳಬಲ್ಲುದು. ಆದರೆ ಹುಟ್ಟಿದಾರಭ್ಯ ಆ ಗಿರಿಯ ತಪ್ಪಲಿನಲ್ಲೇ ಬಾಳಿದ ನಮ್ಮ ಬಂಧುವೊಬ್ಬರು ಒಮ್ಮೆ ಮನೆಗೆ ಬಂದಾಗ, ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಅದರ ಮೇಲೆ ಬಗ್ಗಿ, ಬಹಳ ಹೊತ್ತು ನೋಡಿ, “ಇದರಲ್ಲಿ ಬೆಟ್ಟ ಎಲ್ಲಿದೆ?” ಎಂದು ಕೇಳಿದರು.

ಭೂಪಟ ಬರೆಯುವವರನ್ನು ಶತಮಾನಗಳ ಕಾಲ ಕಾಡಿದ ಪ್ರಶ್ನೆಯನ್ನೇ ಅವರು ಕೇಳಿದ್ದರು. ನದಿಯನ್ನೂ ದಾರಿಯನ್ನೂ ಊರನ್ನೂ ಚಪ್ಪಟೆಯಾದ ಕಾಗದದ ಮೇಲೆ ಇಡುವುದು ಅಷ್ಟೇನೂ ಕಷ್ಟವಲ್ಲ; ಅವು ನೆಲದ ಮೇಲೆ ಹೇಗೆ ಮಲಗಿರುವುವೋ ಕಾಗದದ ಮೇಲೂ ಹಾಗೆಯೇ ಮಲಗುವುವು. ಎದ್ದು ನಿಂತಿರುವ ಪರ್ವತವನ್ನು ಮಲಗಿಸುವುದು ಹೇಗೆ? ಅಳತೆಗಾರನ ಕೈಯಲ್ಲಿ ಸರಪಣಿಯುಂಟು, ಕೋನಮಾಪಕವುಂಟು, ಗಣಿತವುಂಟು. ಬೆಟ್ಟದ ಎತ್ತರವನ್ನು ಅವನು ಸಂಖ್ಯೆಯಾಗಿ ಕೊಡಬಲ್ಲ. ಆ ಸಂಖ್ಯೆಯನ್ನು ಕಣ್ಣು ಬೆಟ್ಟವೆಂದು ಗುರುತಿಸಬೇಕಾದರೆ ಚಿತ್ರಕಾರನ ಕೈ ಬೇಕು. ಭೂಪಟದಲ್ಲಿ ಕಲೆಯೆಂದರೆ ಅಂಚಿನ ಬಳ್ಳಿ, ಮೂಲೆಯ ಹಡಗು, ದಿಕ್ಕು ತೋರುವ ನಕ್ಷತ್ರ ಮುಂತಾದ ಅಲಂಕಾರವೆಂದು ಭಾವಿಸುವವರು ಬಹುಮಂದಿ ಇರುವರು. ಆ ಬಳ್ಳಿಯನ್ನೂ ಹಡಗನ್ನೂ ಅಳಿಸಿಹಾಕಿದ ಮೇಲೆಯೂ ಉಳಿದು, ಅಳತೆಯ ಸತ್ಯವನ್ನು ಕಣ್ಣಿಗೆ ಮುಟ್ಟಿಸುವ ಕಲೆಯೊಂದುಂಟು. ನನಗೆ ಪ್ರಿಯವಾದುದು ಅದು.

ಹಿಂದೆ ಈ ಎರಡು ಕೈಗಳೂ ಒಬ್ಬನವೇ ಆಗಿರುತ್ತಿದ್ದುದುಂಟು. 1502ರಲ್ಲಿ ಇಟಲಿಯ ಇಮೋಲಾ ಪಟ್ಟಣದ ನಕ್ಷೆಯನ್ನು, ಆಕಾಶದಿಂದ ನೇರವಾಗಿ ಕೆಳಗೆ ನೋಡಿದಂತೆ, ಬೀದಿಬೀದಿಯನ್ನೂ ಅಳೆದು ಬರೆದವನು ಲಿಯೊನಾರ್ಡೊ ಡ ವಿಂಚಿ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಸೀಮೆಯಲ್ಲಿ ಹಾನ್ಸ್ ಕಾನ್ರಾಡ್ ಗೀಗರ್ ಎಂಬಾತ ಗಾಜಿನ ಮೇಲೆ ಚಿತ್ರ ಬರೆಯುವ ವಿದ್ಯೆಯನ್ನು ಕಲಿತವನು. ಮೂರು ದಶಕಗಳಿಗೂ ಮೀರಿದ ಪರಿಶ್ರಮದಿಂದ ತನ್ನ ಸೀಮೆಯನ್ನು ಅಳೆದು, 1667ರಲ್ಲಿ ಮುಗಿಸಿದ ದೊಡ್ಡ ವರ್ಣಪಟದಲ್ಲಿ ಗುಡ್ಡಗಳಿಗೆ ನೆರಳು ಬೆಳಕು ಕೊಟ್ಟು ಅವು ಕಾಗದದಿಂದ ಮೇಲೆದ್ದಂತೆ ತೋರಿಸಿದನು. ಶತ್ರುಗಳ ಕೈಗೆ ಸಿಕ್ಕೀತೆಂಬ ಭಯದಿಂದ ಆಳುವವರು ಅದನ್ನು ಗುಪ್ತವಾಗಿರಿಸಿದುದರಿಂದ, ಅದನ್ನು ನೋಡಿ ಕಲಿಯಬಹುದಾಗಿದ್ದವರು ನೋಡದೆಯೇ ಹೋದರು. ಇದನ್ನು ನೆನೆದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಆಮೇಲೆ ಬಂದದ್ದು ಗೀರುಗಳ ಕಾಲ. ಸ್ಯಾಕ್ಸನಿಯ ಸೈನ್ಯಾಧಿಕಾರಿ ಯೋಹಾನ್ ಗೆಯೋರ್ಗ್ ಲೇಮಾನ್ 1799ರಲ್ಲಿ ಒಂದು ನಿಯಮವನ್ನು ಮಾಡಿದನು: ನೀರು ಇಳಿಯುವ ದಿಕ್ಕಿನಲ್ಲಿ ಸಣ್ಣ ಸಣ್ಣ ಗೀರುಗಳನ್ನೆಳೆಯಬೇಕು, ಇಳಿಜಾರು ಕಡಿದಾದಷ್ಟೂ ಗೀರು ದಪ್ಪವಾಗಬೇಕು. ಸಮತಲವಾದ ನೆಲ ಬಿಳಿಯಾಗಿಯೇ ಉಳಿಯಿತು, 45 ಡಿಗ್ರಿಯ ಇಳಿಜಾರು ಪೂರ್ಣ ಕಪ್ಪಾಯಿತು. ನಿಯಮ ನಿರ್ದುಷ್ಟವಾಗಿತ್ತು; ಆದರೆ ಬೆಟ್ಟದ ಎಲ್ಲ ಮುಖಗಳೂ ಸಮಾನವಾಗಿ ಕಪ್ಪಾದುದರಿಂದ, ಪರ್ವತವು ಕಂಬಳಿಹುಳದಂತೆ ಕಾಣತೊಡಗಿತು. ಸ್ವಿಸ್ ಸೇನಾನಿ ಗಿಯೋಮ್ ಆನ್ರಿ ದ್ಯುಫೂರನ ನೇತೃತ್ವದಲ್ಲಿ, 1845ರಿಂದ 1865ರವರೆಗೆ 25 ಹಾಳೆಗಳಾಗಿ ತಾಮ್ರಫಲಕಗಳಿಂದ ಅಚ್ಚಾದ ಭೂಪಟ ಈ ಗೀರುಗಳಿಗೆ ಜೀವ ಕೊಟ್ಟಿತು. ಅಲ್ಲಿಯ ಕೆತ್ತನೆಗಾರರು ಬೆಳಕು ನಡುನೆತ್ತಿಯಿಂದಲ್ಲದೆ ವಾಯವ್ಯದಿಂದ ಓರೆಯಾಗಿ ಬೀಳುತ್ತಿರುವುದೆಂದು ಕಲ್ಪಿಸಿಕೊಂಡು, ಬೆಳಕಿಗೆ ಮುಖವೊಡ್ಡಿದ ಮಗ್ಗುಲಲ್ಲಿ ಗೀರನ್ನು ಕೂದಲೆಳೆಯಷ್ಟು ತೆಳುಮಾಡಿ, ಮರೆಯಾದ ಮಗ್ಗುಲಲ್ಲಿ ದಪ್ಪಗೊಳಿಸಿದರು. ಆಲ್ಪ್ಸ್ ಪರ್ವತಗಳು ತಾಮ್ರದಿಂದ ತಲೆಯೆತ್ತಿದುವು. ಆ ದೇಶದ ಅತ್ಯುನ್ನತ ಶಿಖರಕ್ಕೆ ಇಂದಿಗೂ ದ್ಯುಫೂರನ ಹೆಸರಿದೆ.

ಈ ವಾಯವ್ಯದ ಬೆಳಕು ಸೋಜಿಗದ ವಸ್ತು. ಆಲ್ಪ್ಸ್ ಪ್ರದೇಶದಲ್ಲಿ ಹಗಲಿನ ಬಹುಪಾಲು ಸೂರ್ಯನು ನಡೆಯುವುದು ದಕ್ಷಿಣದ ಆಕಾಶದಲ್ಲಿ. ವಾಯವ್ಯದ ಎತ್ತರದಲ್ಲಿ ನಿಂತು ಅವನು ಆ ಗಿರಿಗಳನ್ನು ಬೆಳಗುವುದು ಎಂದಿಗೂ ಇಲ್ಲ. ಹಾಗಾದರೆ ಈ ಸುಳ್ಳು ಏಕೆ? ಮಿತ್ರರೊಬ್ಬರು ತಂದುಕೊಟ್ಟ ಸ್ವಿಸ್ ಭೂಪಟದ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿ ನೋಡುತ್ತಿದ್ದಾಗ ನನಗೆ ಉತ್ತರ ದೊರಕಿತು. ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿದೆನು. ಕ್ಷಣಮಾತ್ರದಲ್ಲಿ ಬೆಟ್ಟಗಳೆಲ್ಲ ಹಳ್ಳಗಳಾದುವು, ಹೊಳೆಗಳು ಏಣಿನ ಮೇಲೆ ಹರಿಯತೊಡಗಿದುವು! ಮತ್ತೆ ನೆಟ್ಟಗಿಟ್ಟರೆ ಎಲ್ಲವೂ ಸ್ವಸ್ಥಾನಕ್ಕೆ ಬಂದಿತು. ಬೆಳಕು ಮೇಲಿನಿಂದ ಬರುವುದೆಂಬುದು ಕಣ್ಣಿನ ಹಳೆಯ ಅಭ್ಯಾಸ. ಬಲಗೈಯಲ್ಲಿ ಬರೆಯುವವನು ದೀಪವನ್ನು ಎಡಗಡೆ ಇಟ್ಟುಕೊಳ್ಳುವುದರಿಂದ ಎಡಮೇಲ್ಗಡೆಯ ಬೆಳಕು ಚಿತ್ರಕಾರರ ಪದ್ಧತಿಯೂ ಆಯಿತು. ಉತ್ತರ ಮೇಲಿರುವ ಭೂಪಟದಲ್ಲಿ ಎಡಮೇಲ್ಗಡೆಯೆಂದರೆ ವಾಯವ್ಯವೇ. ಸೂರ್ಯನ ವಿಷಯದಲ್ಲಿ ಹೇಳಿದ ಒಂದು ಅಸತ್ಯದಿಂದ ಬೆಟ್ಟದ ವಿಷಯದ ಸತ್ಯ ಕಣ್ಣಿಗೆ ಕಾಣುತ್ತದೆ.

ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದವನು ಎಡುಆರ್ಡ್ ಇಮ್‌ಹೋಫ್. 1895ರಲ್ಲಿ ಹುಟ್ಟಿ 1986ರವರೆಗೆ ಬಾಳಿದ ಈತನು 1925ರಲ್ಲಿ ಜ್ಯೂರಿಕ್ಕಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಭೂಪಟಶಾಸ್ತ್ರದ ಸಂಸ್ಥೆಯನ್ನು ಸ್ಥಾಪಿಸಿ, ನಲವತ್ತು ವರ್ಷ ಅಲ್ಲಿ ಪಾಠ ಹೇಳಿದನು. ಪರ್ವತಾರೋಹಿ, ಮೋಜಣಿಗಾರ, ಜಲವರ್ಣ ಚಿತ್ರಕಾರ, ಮೂರೂ ಅವನೇ. ನೆರಳು ಬೆಳಕುಗಳಿಗೆ ಅವನು ಬಣ್ಣವನ್ನು ಕೂಡಿಸಿದ ಬಗೆಯನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಏಕೆಂದರೆ ದೂರದ ಬೆಟ್ಟ ನುಣ್ಣಗೆ ಎಂಬ ಮಾತು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇದೆ. ನಾವು ಅದನ್ನು ಲೋಕಾನುಭವದ ಮಾತಾಗಿ ಬಳಸುತ್ತೇವೆ. ಅಕ್ಷರಶಃ ತೆಗೆದುಕೊಂಡರೆ ಅದು ಚಿತ್ರಕಲೆಯ ಸೂತ್ರ. ನಡುವೆ ಇರುವ ಗಾಳಿಯ ದೆಸೆಯಿಂದ ದೂರದ ಬೆಟ್ಟದ ಕಲ್ಲುಮುಳ್ಳುಗಳೆಲ್ಲ ಅಡಗಿ, ನೆರಳು ಬೆಳಕುಗಳ ಅಂತರ ಕುಗ್ಗಿ, ಮೈಯೆಲ್ಲ ನೀಲಿಗೂಡುತ್ತದೆ. ಲಿಯೊನಾರ್ಡೊ ತನ್ನ ಚಿತ್ರಗಳ ಹಿನ್ನೆಲೆಯಲ್ಲಿ ಪರ್ವತಗಳನ್ನು ನೀಲಿಯಲ್ಲಿ ಕರಗಿಸಿದುದು ಇದೇ ತಿಳಿವಳಿಕೆಯಿಂದ. ಇಮ್‌ಹೋಫ್ ಈ ಸೂತ್ರವನ್ನು ಲಂಬವಾಗಿ ನಿಲ್ಲಿಸಿದನು. ಭೂಪಟವನ್ನು ನೋಡುವವನ ಕಣ್ಣು ಆಕಾಶದಲ್ಲಿದೆ. ಆದುದರಿಂದ ಅವನಿಗೆ ಸಮೀಪವಾದುದು ಶಿಖರ, ದೂರವಾದುದು ಕಣಿವೆ. ಶಿಖರದ ಬಿಸಿಲಮೈಗೆ ತಿಳಿಹಳದಿ, ನೆರಳಿಗೆ ಗಾಢವಾದ ಕಪ್ಪುನೀಲಿ. ಕೆಳಗಿಳಿದಂತೆಲ್ಲ ಎರಡೂ ಒಂದರೊಳಗೊಂದು ಬೆರೆತು, ಕಣಿವೆಯ ತಳದಲ್ಲಿ ಮಂಜು ಕವಿದಂತಹ ಹಸುರು ಬೆರೆತ ನೀಲಿಬೂದು. 1938ರಲ್ಲಿ ವಾಲೆನ್‌ಜೇ ಸರೋವರದ ಸೀಮೆಯನ್ನು 1:10,000 ಪ್ರಮಾಣದಲ್ಲಿ ಹೀಗೆ ಅವನು ಬರೆದ ಗೋಡೆಗಾತ್ರದ ಪಟವನ್ನು, ಅಚ್ಚಿನ ಪ್ರತಿಯಲ್ಲಿ ನೋಡಿದರೂ ಸಹ, ಬೆಳಗಿನ ಗಾಳಿ ಮುಖಕ್ಕೆ ತಾಕಿದಂತಾಗುತ್ತದೆ.

ಇಂದು ಗಣಕಯಂತ್ರವು ಎತ್ತರದ ಅಂಕೆಗಳಿಂದ ಇಂತಹ ನೆರಳನ್ನು ಕ್ಷಣಾರ್ಧದಲ್ಲಿ ಬಿಡಿಸುತ್ತದೆ; ಅದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ, ವಾಯವ್ಯದಲ್ಲಿಯೇ ನಿಲ್ಲಿಸಿದ ಒಂದೇ ದೀಪದಿಂದ ಇಡೀ ದೇಶವನ್ನು ಬೆಳಗುತ್ತದೆ. ಆಗ ವಾಯವ್ಯದಿಂದ ಆಗ್ನೇಯಕ್ಕೆ ಚಾಚಿಕೊಂಡ ಏಣುಗಳ ಗತಿಯೇನು? ಬೆಳಕು ಅವುಗಳ ಉದ್ದಕ್ಕೆ ಸಾಗುವುದರಿಂದ ಎರಡು ಮಗ್ಗುಲುಗಳೂ ಸಮಾನವಾಗಿ ಬೆಳಗಿ, ಏಣು ಕಾಣದಾಗುತ್ತದೆ. ಇಮ್‌ಹೋಫನಂಥವರು ಇಂತಹ ಎಡೆಗಳಲ್ಲಿ ದೀಪವನ್ನು ತುಸು ಪಡುವಣಕ್ಕೋ ಬಡಗಣಕ್ಕೋ ಸರಿಸುತ್ತಿದ್ದರು, ಅದೂ ನೋಡುವವನಿಗೆ ಸುಳಿವೇ ಹತ್ತದಂತೆ. ಎಲ್ಲಿ ಸರಿಸಬೇಕು, ಎಷ್ಟು ಸರಿಸಬೇಕು ಎಂಬುದನ್ನು ತಿಳಿಯಲು ಆ ಬೆಟ್ಟವನ್ನು ಬಲ್ಲವನಾಗಿರಬೇಕು. 1930ರಲ್ಲಿ ಚೀನಾದ ಮಿನ್ಯಾ ಕೊಂಕಾ ಶಿಖರ ಎವರೆಸ್ಟಿಗಿಂತಲೂ ಎತ್ತರವಿರಬಹುದೆಂಬ ವಾರ್ತೆ ಹಬ್ಬಿದ್ದಾಗ, ಇಮ್‌ಹೋಫ್ ಅಲ್ಲಿಗೆ ಕೋನಮಾಪಕದೊಡನೆ ಬಣ್ಣದ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದನು. ಅವನ ಅಳತೆಗೆ ಸಿಕ್ಕ ಎತ್ತರ 7,590 ಮೀಟರ್. ವಾರ್ತೆ ಸುಳ್ಳಾಯಿತು, ಜಲವರ್ಣ ಚಿತ್ರಗಳು ಉಳಿದುವು.

ಕಳೆದ ಮಳೆಗಾಲದಲ್ಲಿ ಹೊರಗೆ ಹೋಗಲಾಗದ ಮೂರು ಸಂಜೆ, ಗಾಜಿನ ಕೆಳಗಿನ ಆ ಹಾಳೆಯನ್ನು ತೆಳುಕಾಗದದ ಮೇಲೆ ಪಡಿಯೆಳೆದು, ಮಕ್ಕಳ ಬಣ್ಣದ ಕಡ್ಡಿಗಳಿಂದಲೇ ನೆರಳು ತುಂಬಲು ತೊಡಗಿದೆನು. ಚಂದ್ರದ್ರೋಣವು ಕುದುರೆಯ ಲಾಳದಂತೆ ಬಾಗಿ, ಜಾಗರದ ಕಣಿವೆಯನ್ನು ಮಡಿಲಲ್ಲಿಟ್ಟುಕೊಂಡು, ವಾಯವ್ಯಕ್ಕೇ ಬಾಯಿ ತೆರೆದಿರುವ ಶ್ರೇಣಿ. ಆಕಾಶದಿಂದ ಎಂದೂ ನೋಡದ ನಮ್ಮ ಹಿರಿಯರು ಅದಕ್ಕೆ ಚಂದ್ರನ ಹೆಸರನ್ನು ಹೇಗೆ ಇಟ್ಟರೋ! ಎಡಮೇಲ್ಗಡೆಯ ಬೆಳಕು ಆ ತೆರೆದ ಬಾಯಿಂದ ಒಳಹೊಕ್ಕು, ಕಣಿವೆಯ ತಲೆಯಲ್ಲಿ ನಿಂತ ಗೋಡೆಯನ್ನು ಹಳದಿಯಾಗಿಸಿತು. ಮುಳ್ಳಯ್ಯನಗಿರಿಯ ಆಚೆಯ ಮಗ್ಗುಲು, ಚಿಕ್ಕಮಗಳೂರಿನ ಕಡೆಯದು, ನೀಲಿಯಲ್ಲಿ ಮುಳುಗಿತು. ನನ್ನ ಕೈ ಪಳಗಿದುದಲ್ಲ; ಗೆರೆ ಅಲ್ಲಲ್ಲಿ ಮೀರಿದೆ, ಬಣ್ಣ ಅಲ್ಲಲ್ಲಿ ಒರಟಾಗಿದೆ. ದೀಪಾವಳಿಗೆ ಬಂದ ಅದೇ ಬಂಧು ಅದನ್ನೆತ್ತಿಕೊಂಡು ಕಿಟಕಿಯ ಬಳಿಗೆ ಹೋದರು. ಈ ಸಲ ಅವರು ಏನನ್ನೂ ಕೇಳಲಿಲ್ಲ. ತೋರುಬೆರಳನ್ನು ಶಿಖರದ ಮೇಲಿಟ್ಟು, ನಿಧಾನವಾಗಿ ನೆರಳಿನ ಕಡೆಗೆ ಇಳಿಸುತ್ತ ಇಳಿಸುತ್ತ, ನೀಲಿಯ ಅಂಚಿನಲ್ಲಿ ನಿಲ್ಲಿಸಿ, “ನಮ್ಮ ಮನೆ ಇಲ್ಲಿ ಬರಬೇಕು, ಮೂರು ಗಂಟೆಗೇ ಬಿಸಿಲು ಹೋಗುತ್ತದೆ” ಎಂದರು.