ತೆಗೆದು ಮತ್ತೆ ಹಾಕುವ ಮುನ್ನ

ಮನೆಯ ಹಿರಿಯರ ಪಾಲಿಗೆ ನೀವೇ ಮೊಬೈಲ್ ಡಾಕ್ಟರು. ಅಜ್ಜನ ಫೋನಿನಲ್ಲಿ ಅಕ್ಷರ ಚಿಕ್ಕದಾದರೂ, ಅತ್ತೆಯ ಫೋನು ಸದ್ದು ಮಾಡದಿದ್ದರೂ ಮೊದಲು ಕರೆ ಬರುವುದು ನಿಮಗೆ. ನೀವು ಎರಡು ನಿಮಿಷದಲ್ಲಿ ಸರಿಮಾಡಿ ಕೊಟ್ಟು ನಿಮ್ಮ ಕೆಲಸಕ್ಕೆ ಮರಳುತ್ತೀರಿ. ಆದರೆ ಈ ಎರಡು ನಿಮಿಷದ ವೈದ್ಯ ಒಮ್ಮೊಮ್ಮೆ ಕೈಕೊಡುವುದುಂಟು.

ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರಿದ್ದಾರೆ. ಕುಂದಾಪುರದ ಕಡೆಯವರು. ಊರಿನ ನೆನಪುಗಳನ್ನು ಫೋನಿನಲ್ಲೇ ಕನ್ನಡದಲ್ಲಿ ಬರೆದು ಕಳಿಸುವ ಉತ್ಸಾಹಿ. ಅವರು ಬಳಸುತ್ತಿದ್ದ ಕನ್ನಡ ಕೀಲಿಮಣೆಯ ಆ್ಯಪ್ ಬಹಳ ಹಳೆಯದು. ಯಾರೋ ಹವ್ಯಾಸಿಗಳು ಮಾಡಿದ್ದು, ಪ್ಲೇ ಸ್ಟೋರಿನಲ್ಲಿ ಈಗ ಇಲ್ಲ, ಗೆಳೆಯರೊಬ್ಬರು ಕೊಟ್ಟ ಎಪಿಕೆ ಕಡತದಿಂದ ಹಾಕಿಕೊಂಡದ್ದು. ವರ್ಷಗಟ್ಟಲೆ ಬರೆದು ಬರೆದು ಅವರ ಪದಗಳೆಲ್ಲ ಅದಕ್ಕೆ ರೂಢಿಯಾಗಿದ್ದವು. ಬೈಲು, ಮಜಲು, ಬೆಟ್ಟು, ನೆಂಟರ ಮನೆತನಗಳ ಹೆಸರು, ಗದ್ದೆಗಳ ಹೆಸರು, ಎಲ್ಲವೂ ಎರಡಕ್ಷರ ಒತ್ತಿದರೆ ತಾವಾಗಿ ಬಂದು ನಿಲ್ಲುತ್ತಿದ್ದವು.

ಫೋನು ಆಂಡ್ರಾಯ್ಡ್ 14ಕ್ಕೆ ಏರಿದ ಮೇಲೆ ಕೀಲಿಮಣೆ ಸ್ವಲ್ಪ ತಡವರಿಸತೊಡಗಿತು. ಕಾಲೇಜಿಗೆ ಹೋಗುವ ಮೊಮ್ಮಗ ನಾವು ನೀವೆಲ್ಲ ಮಾಡುವುದನ್ನೇ ಮಾಡಿದ. ತೆಗೆದುಹಾಕಿ ಮತ್ತೆ ಹಾಕಲು ಹೋದ. ತೆಗೆಯುವುದು ಸಲೀಸಾಗಿ ಆಯಿತು. ಹಾಕಲು ಹೋದರೆ, ಈ ಆ್ಯಪ್ ನಿಮ್ಮ ಫೋನಿಗೆ ಹೊಂದುವುದಿಲ್ಲ ಎಂಬ ಉತ್ತರ!

‘ಅಜ್ಜಯ್ಯ, ನಿನ್ನೆಯವರೆಗೆ ನಡೀತಿತ್ತಲ್ಲ?’ ಎಂದು ಅವನು ಪೆಚ್ಚಾಗಿ ಕೇಳಿದ. ‘ಹೋಗ್ಲಿ ಬಿಡು ಮಾಣಿ’ ಎಂದ ಹಿರಿಯರು ಗೆರೆ ಹಾಕಿದ ಕಾಗದ ತೆಗೆದುಕೊಂಡು ಕುಳಿತರು.

ಹುಡುಗನ ಪ್ರಶ್ನೆ ನ್ಯಾಯವಾದದ್ದೇ. ನಿನ್ನೆ ನಡೆಯುತ್ತಿದ್ದದ್ದು ಇಂದು ಏಕೆ ಬೇಡವಾಯಿತು? 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ, ಆ್ಯಪ್ ಒಂದು ನಿಮ್ಮ ಸಂದೇಶವನ್ನೋ ಸಂಪರ್ಕಗಳನ್ನೋ ನೋಡಬೇಕಾದರೆ ಆ ಹೊತ್ತಿಗೆ ನಿಮ್ಮ ಅಪ್ಪಣೆ ಕೇಳಬೇಕು. ಅದಕ್ಕೂ ಹಿಂದಿನ ಕಾಲಕ್ಕೆ ಬರೆದ ಆ್ಯಪ್‌ಗಳಿಗೆ ಈ ಕಟ್ಟಳೆ ಇಲ್ಲ. ಹಾಕುವಾಗಲೇ ಎಲ್ಲ ಅನುಮತಿ ಒಟ್ಟಿಗೆ ಸಿಕ್ಕಿಬಿಡುತ್ತದೆ. ಕಳ್ಳ ಆ್ಯಪ್ ಮಾಡುವವರು ಇದನ್ನೇ ಹಿಡಿದು, ಬೇಕೆಂದೇ ‘ನಾನು ಹಳಬ’ ಎಂದು ವೇಷ ಹಾಕತೊಡಗಿದರು. ಆದ್ದರಿಂದ 2023ರ ಆಂಡ್ರಾಯ್ಡ್ 14, ಆರನೆಯ ಆವೃತ್ತಿಗಿಂತ ಹಿಂದಿನದಕ್ಕಾಗಿ ಮಾಡಿದ ಆ್ಯಪ್‌ಗಳನ್ನು ಹೊಸದಾಗಿ ಹಾಕಲು ಬಿಡುವುದಿಲ್ಲ. 2024ರ ಆಂಡ್ರಾಯ್ಡ್ 15 ಈ ಗೆರೆಯನ್ನು ಏಳನೆಯ ಆವೃತ್ತಿಗೆ ಏರಿಸಿತು. ಆದರೆ ಗಮನಿಸಿ: ಮೊದಲೇ ಫೋನಿನಲ್ಲಿದ್ದ ಹಳೆಯ ಆ್ಯಪನ್ನು ಈ ನಿಯಮ ಹೊರಗೆ ಹಾಕುವುದಿಲ್ಲ. ಒಳಗಿದ್ದವರು ಇರಬಹುದು, ಹೊರಗೆ ಹೋದವರಿಗೆ ಮತ್ತೆ ಪ್ರವೇಶವಿಲ್ಲ. ನಮ್ಮ ಹುಡುಗ ತಾನೇ ಕೈಹಿಡಿದು ಹೊರಗೆ ಕಳಿಸಿಬಿಟ್ಟಿದ್ದ.

ಎಲ್ಲ ಅಡಚಣೆಯೂ ಇಷ್ಟು ಕಠಿಣವಲ್ಲ. ಹಿಂದೆ ‘ಅನ್‌ನೋನ್ ಸೋರ್ಸಸ್’ ಎಂಬ ಒಂದೇ ಗುಂಡಿ ಇತ್ತು, ನೆನಪಿದೆಯೆ? 2017ರ ಆಂಡ್ರಾಯ್ಡ್ 8ರಲ್ಲಿ ಅದು ಹೋಯಿತು. ಈಗ ಕಡತವನ್ನು ತೆರೆಯುವ ಬ್ರೌಸರಿಗೋ ಫೈಲ್ ಮ್ಯಾನೇಜರಿಗೋ ಬೇರೆಬೇರೆಯಾಗಿ ಅನುಮತಿ ಕೊಡಬೇಕು. ಕೆಲಸ ಮುಗಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಮಾತ್ರ ಎಲ್ಲರೂ ಮರೆಯುತ್ತಾರೆ. 2022ರ ಆಂಡ್ರಾಯ್ಡ್ 13 ಇನ್ನೊಂದು ಬೇಲಿ ಹಾಕಿತು. ಹೊರಗಿನಿಂದ ಬಂದ ಆ್ಯಪ್ ‘ಆ್ಯಕ್ಸೆಸಿಬಿಲಿಟಿ’ ಅಧಿಕಾರ ಕೇಳಿದರೆ ಆ ಗುಂಡಿ ಮಂಕಾಗಿ, ಒತ್ತಿದರೂ ಏಳುವುದಿಲ್ಲ. ಆ್ಯಪ್ ಮಾಹಿತಿಯ ಪುಟದ ಮೂರು ಚುಕ್ಕಿಯಲ್ಲಿ ಅದನ್ನು ಬಿಡಿಸುವ ದಾರಿ ಇದೆ. ಆ ಅಧಿಕಾರ ಸಿಕ್ಕ ಆ್ಯಪ್ ಪರದೆಯ ಮೇಲಿನದನ್ನೆಲ್ಲ ಓದಬಲ್ಲದು, ನಿಮ್ಮ ಪರವಾಗಿ ಗುಂಡಿಯನ್ನೂ ಒತ್ತಬಲ್ಲದು. ಬಿಡಿಸುವ ಮುನ್ನ ಒಂದು ಲೋಟ ನೀರು ಕುಡಿದು ಯೋಚಿಸಿ.

ಈ ಬೇಲಿಗಳನ್ನು ನಾನೂ ಬೈದವನೇ. ಆದರೆ ಮದುವೆಯ ಕರೆಯೋಲೆಯೆಂದು ವಾಟ್ಸಾಪಿನಲ್ಲಿ ಬರುವ ಎಪಿಕೆಗಳ ಸುದ್ದಿ ನೀವೂ ಓದಿರುತ್ತೀರಿ. ಸಂಚಾರ ಪೊಲೀಸರ ದಂಡದ ಚಲನ್ ಎಂದೂ ಬರುತ್ತವೆ. ಒತ್ತಿ ಹಾಕಿಕೊಂಡರೆ ಬ್ಯಾಂಕಿನ ಒಟಿಪಿ ನಿಮಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ಸಂದೇಶ ಓದಲು ಅನುಮತಿ ಬೇಡುವ ಇಂಥ ಹೊರಗಿನ ಆ್ಯಪ್‌ಗಳನ್ನು ಪ್ಲೇ ಪ್ರೊಟೆಕ್ಟ್ ತಾನಾಗಿ ತಡೆಯುವ ಪ್ರಯೋಗವನ್ನು ಭಾರತಕ್ಕೂ ತರುವುದಾಗಿ ಗೂಗಲ್ 2024ರ ಅಕ್ಟೋಬರಿನಲ್ಲಿ ಹೇಳಿತು. ಊರಿನ ಮದುವೆಗೆ ಹೋಗಲಾಗದೆ ಚಡಪಡಿಸುವ ನಮ್ಮ ಹಿರಿಯರು ಕರೆಯೋಲೆಯನ್ನು ತೆರೆಯದೆ ಇರುತ್ತಾರೆಯೆ? ಹಣ ಹೋಯಿತೆಂದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಬೇಕೆಂದು ಅವರಿಗೆ ಹೇಳಿಡಿ.

ಇಷ್ಟಾಗಿಯೂ ಹೊರಗಿನದೆಲ್ಲ ಕಳ್ಳಮಾಲಲ್ಲ. 2010ರಿಂದ ನಡೆಯುತ್ತಿರುವ ಎಫ್-ಡ್ರಾಯ್ಡ್ ಭಂಡಾರದಲ್ಲಿ, ಮೂಲ ಬರಹವನ್ನು ಯಾರು ಬೇಕಾದರೂ ಓದಿ ನೋಡಬಹುದಾದ ಆ್ಯಪ್‌ಗಳು ಸಿಗುತ್ತವೆ. ಅಲ್ಲೊಂದು ಎಚ್ಚರಿಕೆ ಬೇಕು. ಪ್ರತಿ ಆ್ಯಪಿಗೂ ಒಂದು ಡಿಜಿಟಲ್ ಸಹಿ ಇರುತ್ತದೆ. ಒಂದು ಕಡೆಯಿಂದ ಹಾಕಿದ್ದರ ಮೇಲೆ ಬೇರೆ ಸಹಿಯ ಹೊಸ ಆವೃತ್ತಿ ಕೂರುವುದಿಲ್ಲ, ಹಳೆಯದನ್ನು ತೆಗೆಯಬೇಕಾಗುತ್ತದೆ. ತೆಗೆದರೆ ಅದರೊಳಗಿನ ಟಿಪ್ಪಣಿ, ಪಟ್ಟಿಗಳೂ ಸಾಮಾನ್ಯವಾಗಿ ಅದರೊಂದಿಗೇ ಹೋಗುತ್ತವೆ. ‘ಅನ್‌ಇನ್‌ಸ್ಟಾಲ್’ ಒತ್ತುವ ಮುನ್ನ ‘ಎಕ್ಸ್‌ಪೋರ್ಟ್’, ‘ಬ್ಯಾಕಪ್’ ಎಂಬುದು ಎಲ್ಲಾದರೂ ಇದೆಯೆ ಎಂದು ಹುಡುಕಿ. ಎಪಿಕೆಯ ಒಂದು ಪ್ರತಿಯನ್ನೂ ಎತ್ತಿಡಿ. ಫೋನು ಮೇಲ್ದರ್ಜೆಗೆ ಏರುವ ಹಿಂದಿನ ದಿನವೇ ಇದಾಗಬೇಕು.

ನಮ್ಮ ಹುಡುಗ ಸೋಲೊಪ್ಪಲಿಲ್ಲ. ಫೋನನ್ನು ಗಣಕಕ್ಕೆ ತಂತಿಯಿಂದ ಜೋಡಿಸಿ, ತಂತ್ರಜ್ಞರು ಬಳಸುವ ಎಡಿಬಿ ಎಂಬ ಸಲಕರಣೆಯಿಂದ ನಿಯಮ ದಾಟಿಸಿ ಹಳೆಯ ಕೀಲಿಮಣೆಯನ್ನು ಹಾಕಿಯೇಬಿಟ್ಟ. ಕೀಲಿಮಣೆ ಬಂತು, ಪದಗಳು ಬರಲಿಲ್ಲ. ಬರಿದಾದ ಮೇಲೆ ಹಳೆಯದೇ ಏಕೆ? ನಾವು ಬರೆಯುವುದೆಲ್ಲ ಕೀಲಿಮಣೆಯ ಕಣ್ಣಿಗೆ ಬೀಳುತ್ತದೆ. ನೋಡಿಕೊಳ್ಳುವವರಿಲ್ಲದ ಆ್ಯಪಿಗೆ ಆ ಕೆಲಸ ಒಪ್ಪಿಸುವುದು ಸರಿಯಲ್ಲವೆಂದು ನಾನೂ ಹೇಳಿದೆ. ಸ್ವಂತ ಪದಗಳನ್ನು ಸೇರಿಸಿಡಬಹುದಾದ ಬೇರೊಂದು ಕೀಲಿಮಣೆಯನ್ನು ಹಾಕಿಕೊಟ್ಟ.

ಈಗ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂರುತ್ತಾರಂತೆ. ಅಜ್ಜಯ್ಯ ಹೇಳುವುದು, ಮೊಮ್ಮಗ ಅರ್ಥ ಕೇಳಿ ಒತ್ತುವುದು. ಮೊನ್ನೆ ವಿಚಾರಿಸಿದಾಗ ಇನ್ನೂ ‘ಬ’ಕಾರದಲ್ಲೇ ಇದ್ದರು.