'ನೋ ಡಿಸ್ಕ್' ಅಂತು ಯಂತ್ರ... ಬಿಟ್ಟೇನೇ ನಾನು!



ಟಾಕೀಸಿನಲ್ಲಿ ರೀಲು ಕಡಿದರೆ ಏನಾಗುತ್ತಿತ್ತು? ಸಿಳ್ಳೆ ಬೀಳುತ್ತಿತ್ತು, ಕುರ್ಚಿಗಳು ಬಡಿಸಿಕೊಳ್ಳುತ್ತಿದ್ದವು, ಜನ ಪ್ರೊಜೆಕ್ಟರ್ ರೂಮಿನ ಕಡೆ ತಿರುಗಿ "ಏಯ್!" ಅಂತ ಕೂಗುತ್ತಿದ್ದರು. ಆಪರೇಟರ್ ರೀಲು ಅಂಟಿಸಿ ಮತ್ತೆ ಷೋ ಶುರು ಮಾಡುತ್ತಿದ್ದ. ಆದರೆ ಮನೆಯಲ್ಲಿ ಡಿವಿಡಿ ಪ್ಲೇಯರ್ ನಿಂತುಹೋದರೆ ಯಾರಿಗೆ ಸಿಳ್ಳೆ ಹಾಕೋಣ, ಹೇಳಿ? ಅಲ್ಲಿ ಆಪರೇಟರೂ ನಾವೇ, ಮೆಕ್ಯಾನಿಕ್ಕೂ ನಾವೇ!

ಕಳೆದ ದೀಪಾವಳಿ. ತಿಪಟೂರಿನ ನಮ್ಮ ಮನೆ. ಅಕ್ಕ, ಭಾವ, ಮಕ್ಕಳು ಮರಿ ಎಲ್ಲಾ ಸೇರಿದ್ದೆವು. ಊಟ ಆದ ಮೇಲೆ ಅಮ್ಮ ಬೀರುವಿನಿಂದ ಒಂದು ಡಿಸ್ಕ್ ತಂದು ನನ್ನ ಕೈಗಿಟ್ಟಳು. "ಇದನ್ನ ಹಾಕೋ. ನಿನ್ನ ಮಗ ತಾತನ್ನ ನೋಡ್ಲಿ" ಅಂದಳು.

ಅದು ಅಕ್ಕನ ಮದುವೆಯ ಡಿಸ್ಕ್. 1994ರಲ್ಲಿ ವಿಎಚ್‌ಎಸ್ ಕ್ಯಾಸೆಟ್ಟಿಗೆ ತೆಗೆಸಿದ್ದನ್ನು 2006ರಲ್ಲಿ ಡಿವಿಡಿಗೆ ಇಳಿಸಿಕೊಂಡಿದ್ದೆವು. ಕ್ಯಾಸೆಟ್ಟು ಬೂಷ್ಟು ಹಿಡಿದು ತಿಪ್ಪೆ ಸೇರಿತು. ಉಳಿದದ್ದು ಈ ಒಂದೇ ಒಂದು ಡಿಸ್ಕು.

ಅದರಲ್ಲೇನಿದೆ ಅಂತೀರಾ? ನಮ್ಮಪ್ಪ ಇದ್ದಾರೆ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಆದರೆ ಅಣ್ಣಾವ್ರು ಅಂದ್ರೆ ಹುಚ್ಚು! 1977ರ 'ಬಬ್ರುವಾಹನ'ದಲ್ಲಿ ಅರ್ಜುನನೂ ತಾವೇ, ಬಬ್ರುವಾಹನನೂ ತಾವೇ ಆಗಿ ಡಾ. ರಾಜ್ ಎದುರುಬದುರು ನಿಂತದ್ದು ನಿಮಗೆ ಗೊತ್ತೇ ಇದೆ. ಮದುವೆಯ ಗಲಾಟೆಯೆಲ್ಲಾ ಮುಗಿದ ಮೇಲೆ ಯಾರೋ ಕೆಣಕಿದರು ಅಂತ ನಮ್ಮಪ್ಪ ಎದ್ದು ನಿಂತು ಆ ಎರಡೂ ಪಾತ್ರದ ಮಾತು ಒಪ್ಪಿಸಿಬಿಟ್ಟರು. ಎಡಕ್ಕೆ ತಿರುಗಿದರೆ ಅರ್ಜುನ, ಬಲಕ್ಕೆ ತಿರುಗಿದರೆ ಬಬ್ರುವಾಹನ! ಹೆಗಲ ಮೇಲಿನ ಟವಲ್ಲೇ ಬಿಲ್ಲು!

ಅವರು 2009ರಲ್ಲಿ ತೀರಿಕೊಂಡರು. ಫೋಟೋ ಬೇಕಾದಷ್ಟಿವೆ. ಆದರೆ ಅಪ್ಪನ ದನಿ ಇರುವುದು ಆ ಮೂರು ನಿಮಿಷದಲ್ಲಿ ಮಾತ್ರ.

ಡಿಸ್ಕ್ ಒಳಗೆ ಹೋಯಿತು. 'ಗುಯ್' ಅಂತು. ಪರದೆಯ ಮೇಲೆ ಬಂದದ್ದು ಎರಡೇ ಎರಡು ಮಾತು... 'ನೋ ಡಿಸ್ಕ್'!

ಮಾರನೇ ದಿನ ಪ್ಲೇಯರನ್ನು ಒಂದು ರಿಪೇರಿ ಅಂಗಡಿಗೆ ಹೊತ್ತೆ. ಅವರು ಮುಚ್ಚಳ ಕೂಡ ಬಿಚ್ಚಲಿಲ್ಲ. "ಗುಜರಿಗೆ ಹಾಕಿ ಸಾರ್, ಈ ಕಾಲದಲ್ಲಿ ಡಿವಿಡಿ ಯಾರು ನೋಡ್ತಾರೆ?" ಅಂದರು. ನನಗೂ ರೇಗಿತು. ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹಿಡಿದೆ!

ಗುಜರಿಗೆ ಹಾಕುವ ಮುಂಚೆ...

ಒಂದು ಮಾತು ಕೇಳಿ. ಕನ್ನಡದ ಮೊದಲ ಟಾಕಿ 1934ರ 'ಸತಿ ಸುಲೋಚನ'. ಇಂದು ಅದನ್ನು ನೋಡುತ್ತೇನೆ ಅಂದರೆ ಒಂದು ಪ್ರಿಂಟೂ ಇಲ್ಲ. ಸಿನಿಮಾ ಅನ್ನುವುದು ಹಾಗೆ ಮಾಯವಾಗುವ ವಸ್ತು. 2000ದ ದಶಕದಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಇಳಿದಾಗ ನಾವೆಲ್ಲಾ ಕಡಲೆಕಾಯಿ ಕೊಂಡ ಹಾಗೆ ಸಿನಿಮಾ ಕೊಂಡೆವು. 2018ರಲ್ಲಿ ಆ ಕಂಪನಿಯೇ ದಿವಾಳಿ ಎದ್ದಿತು. ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಆ ಕೆಲಸ ನಿಲ್ಲಿಸಿತು. ಈಗ ಮೊಬೈಲಿನಲ್ಲಿ ಎಲ್ಲಾ ಸಿಗುತ್ತೆ ಅಂತೀರಿ. ಒಪ್ಪಿದೆ. ಆದರೆ ಒಪ್ಪಂದ ಮುಗಿದ ದಿನ ಚಿತ್ರ ಅಲ್ಲಿಂದ ಎದ್ದು ಹೋಗುತ್ತೆ, ನಿಮ್ಮನ್ನೇನೂ ಕೇಳುವುದಿಲ್ಲ. ಬೀರುವಿನಲ್ಲಿರುವ ಡಿಸ್ಕನ್ನು ಹಾಗೆ ಯಾರೂ ಎತ್ತಿಕೊಂಡು ಹೋಗಲಾರರು. ಓಡಿಸುವ ಯಂತ್ರ ಒಂದು ಇರಬೇಕು, ಅಷ್ಟೇ.

ಮೊದಲು ಜೀವ, ಆಮೇಲೆ ಸಿನಿಮಾ!

ನಾನು ಮಾಡಿದ ಮೊದಲ ತಪ್ಪು ಹೇಳ್ತೀನಿ. ಪ್ಲಗ್ ಕಿತ್ತ ತಕ್ಷಣ ಮುಚ್ಚಳ ತೆಗೆದು ಕೈ ಹಾಕಿದೆ. ಕಣ್ಣ ಮುಂದೆ ನಕ್ಷತ್ರ! ಕರೆಂಟಿಲ್ಲದ ಯಂತ್ರ ಹೇಗೆ ಹೊಡೀತು? ಕಾರಣ ಇದು. ವೈರು ಒಳಬರುವ ಕಡೆ ಪವರ್ ಬೋರ್ಡಿನ ಮೇಲೆ ದಪ್ಪನೆಯ ಡಬ್ಬಿಯಂಥ ಕೆಪಾಸಿಟರ್ ಇರುತ್ತೆ. ಗೋಡೆಯ 230 ವೋಲ್ಟ್ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತೆ. ಪ್ಲಗ್ ಕಿತ್ತರೂ ಅದು ತಕ್ಷಣ ಇಳಿಯುವುದಿಲ್ಲ. ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ, ಆಮೇಲೆ ಮಲ್ಟಿಮೀಟರ್ ಇಟ್ಟು ನೋಡಿ, ಸೊನ್ನೆ ಬಂದರೆ ಮಾತ್ರ ಮುಟ್ಟಿ. ಮೀಟರ್ ಹಿಡಿಯಲು ಬಾರದವರು ಆ ಬೋರ್ಡಿನ ತಂಟೆಗೇ ಹೋಗಬೇಡಿ. ಇನ್ನೊಂದು, ಮುಚ್ಚಳ ತೆಗೆದು ಯಂತ್ರ ಓಡಿಸುವಾಗ ಲೆನ್ಸಿನೊಳಗೆ ಇಣುಕಬೇಡಿ. ಅಲ್ಲಿ ಬರುವುದು ಲೇಸರ್. ಡಿವಿಡಿ ಓದುವ ಕೆಂಪು ಬೆಳಕಾದರೂ ಕಾಣುತ್ತೆ, ಸಿಡಿ ಓದುವ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ!

ಕಾಯಿಲೆ ಎಲ್ಲಿದೆ?

ಮೊದಲು ಅನುಮಾನ ಬರಬೇಕಾದ್ದು ಡಿಸ್ಕಿನ ಮೇಲೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ರಾಗಿ ಬೀಸಿದ ಹಾಗೆ ಗುಂಡಗೆ ಒರೆಸಬೇಡಿ. ಯಾಕೆಂದರೆ ಡಿಸ್ಕಿನ ಗೆರೆಗಳು ಸುತ್ತು ಸುತ್ತಾಗಿವೆ. ಅಡ್ಡಡ್ಡ ಬಿದ್ದ ಗೀರನ್ನು ಯಂತ್ರ ಲೆಕ್ಕ ಹಾಕಿ ಸರಿದೂಗಿಸಿಕೊಳ್ಳುತ್ತೆ. ಗೆರೆಯುದ್ದಕ್ಕೂ ಬಿದ್ದ ಗೀರಿಗೆ ಸೋಲುತ್ತೆ. ವಿಸಿಡಿಯಾದರೆ ಹೆಸರು ಅಚ್ಚಾಗಿರುವ ಮೇಲ್ಭಾಗವನ್ನೂ ಜೋಪಾನ ಮಾಡಿ. ಹೊಳೆಯುವ ಪದರ ಇರುವುದು ಆ ಬಣ್ಣದ ಕೆಳಗೇ. ಡಿವಿಡಿಯಲ್ಲಿ ಅದು ಎರಡು ಬಿಲ್ಲೆಗಳ ನಡುವೆ ಭದ್ರವಾಗಿರುತ್ತೆ.

ಟ್ರೇ ಅರ್ಧ ಬಂದು ನಿಲ್ಲುತ್ತಾ? ಒಳಗಿನ ಪುಟ್ಟ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಅದೇ ಅಳತೆಯದು ತಂದು ಹಾಕಿ. ದೀಪ ಮಿಣಮಿಣ ಅಂತಾ ಯಂತ್ರ ಏಳುವುದೇ ಇಲ್ಲವಾ? ಪವರ್ ಬೋರ್ಡಿನಲ್ಲಿ ಸಣ್ಣ ಕೆಪಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟು, 105 ಡಿಗ್ರಿ ಅಂತ ಬರೆದಿರುವುದನ್ನು ಪ್ಲಸ್ಸು ಮೈನಸ್ಸು ತಪ್ಪದೆ ಬೆಸೆಯಬೇಕು. ಯಂತ್ರ ಓಡುತ್ತೆ, ಆದರೆ ಪರದೆ ಕಪ್ಪಾ? ರಿಮೋಟಿನಲ್ಲಿ ಮಕ್ಕಳು 'ಪಿ-ಸ್ಕ್ಯಾನ್' ಒತ್ತಿರುತ್ತಾರೆ. ಹಳದಿ ವೈರಿನಲ್ಲಿ ಆ ಚಿತ್ರ ಬರುವುದಿಲ್ಲ, ಮತ್ತೆ ಒತ್ತಿ. ಹೊಸ ಟಿವಿಗೆ ಹಳದಿ, ಕೆಂಪು, ಬಿಳಿ ತೂತುಗಳೇ ಇಲ್ಲವಾ? 'ಎವಿ ಟು ಎಚ್‌ಡಿಎಂಐ' ಡಬ್ಬಿ ಕೊಳ್ಳಿ. 'ಎಚ್‌ಡಿಎಂಐ ಟು ಎವಿ' ಅಂತ ಉಲ್ಟಾ ಡಬ್ಬಿಯೂ ಪಕ್ಕದಲ್ಲೇ ಇರುತ್ತೆ, ಮೋಸ ಹೋಗಬೇಡಿ!

ನನ್ನ ಯಂತ್ರಕ್ಕೆ ಇದಾವುದೂ ಇರಲಿಲ್ಲ. ಲೆನ್ಸ್ ನೋಡಿದರೆ ಧೂಳಿನ ಕಂಬಳಿ ಹೊದ್ದು ಮಲಗಿತ್ತು. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಒಂದೇ ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಮಗುವಿನ ಕಣ್ಣು ಒರೆಸಿದ ಹಾಗೆ ಒರೆಸಿದೆ. ಆ ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗುತ್ತಿರುತ್ತೆ. ಒತ್ತಿದರೆ ಕತೆ ಮುಗೀತು. ಬಾಯಿಂದ ಊದುವುದೂ ಬೇಡ, ಎಂಜಲು ಹಾರುತ್ತೆ.

ವಿಸಿಡಿ ಓಡಿತು, ಡಿವಿಡಿ ಓಡಲಿಲ್ಲ!

ಹಳೇ ವಿಸಿಡಿ ಒಂದನ್ನು ಹಾಕಿದೆ. ಓಡಿತು! ಕುಣಿದಾಡಿದೆ. ಮದುವೆ ಡಿಸ್ಕ್ ಹಾಕಿದೆ... 'ನೋ ಡಿಸ್ಕ್'. ಬೇರೆ ಡಿವಿಡಿ ಹಾಕಿದೆ. ಅದೇ ಹಾಡು.

ಇಲ್ಲೇ ಗುಟ್ಟಿರುವುದು. ವಿಸಿಡಿ ಓದಲು 780 ನ್ಯಾನೋಮೀಟರಿನ ಲೇಸರ್ ಬೇಕು, ಡಿವಿಡಿಗೆ 650ರದು. ಡಿವಿಡಿಯ ಗೆರೆಗಳು ವಿಸಿಡಿಯದಕ್ಕಿಂತ ಎರಡರಷ್ಟು ಒತ್ತಾಗಿವೆ. ಅದಕ್ಕೇ ಅದರಲ್ಲಿ 4.7 ಜಿಬಿ ಹಿಡಿಸುತ್ತೆ, ಅದಕ್ಕೇ ಬೆಳಕೂ ಸೂಕ್ಷ್ಮವಾಗಿರಬೇಕು. ಒಂದೇ ಯಂತ್ರದಲ್ಲಿ ಎರಡು ಲೇಸರ್, ಅಣ್ಣಾವ್ರ ದ್ವಿಪಾತ್ರದ ಹಾಗೆ! ಒಂದು ಸತ್ತರೂ ಇನ್ನೊಂದು ಬದುಕಿರುತ್ತೆ. ನನ್ನದರಲ್ಲಿ ಡಿವಿಡಿಯ ಲೇಸರ್ ಸೋತುಹೋಗಿತ್ತು. 'ಪಿಕಪ್' ಅನ್ನುವ ಆ ಭಾಗವನ್ನೇ ಬದಲಾಯಿಸಬೇಕು.

ಎಸ್.ಪಿ. ರಸ್ತೆಯ ಪಾಠ

ರೈಲು ಹತ್ತಿದೆ. ಬೆಂಗಳೂರಿನ ಎಸ್.ಪಿ. ರಸ್ತೆ ಗೊತ್ತಲ್ಲ, ಎಲೆಕ್ಟ್ರಾನಿಕ್ಸ್ ಹುಚ್ಚರ ಕಾಶಿ. ನಾಲ್ಕು ಅಂಗಡಿಯಲ್ಲಿ "ಅದೆಲ್ಲಾ ಹೋಯ್ತು ಸಾರ್" ಅಂದರು. ಐದನೇ ಅಂಗಡಿಯ ಯಜಮಾನರು ಹಳೇ ಪಿಕಪ್ಪಿನ ಮೇಲಿನ ನಂಬರ್ ಓದಿ, ಏಣಿ ಹತ್ತಿ, ಧೂಳು ಕೊಡವಿ ಒಂದು ಹೊಸದನ್ನು ತೆಗೆದುಕೊಟ್ಟರು. ಮುನ್ನೂರು ಚಿಲ್ಲರೆ ರೂಪಾಯಿ.

ಊರಿಗೆ ಬಂದು ಹಾಕಿದೆ. ಚಪ್ಪಟೆ ವೈರು ಸಿಕ್ಕಿಸಿದೆ. ಸ್ವಿಚ್ ಒತ್ತಿದೆ. 'ನೋ ಡಿಸ್ಕ್'! ಈ ಸಲ ವಿಸಿಡಿಯೂ ಇಲ್ಲ! ಇದ್ದದ್ದನ್ನೂ ಕೆಡಿಸಿದೆನಲ್ಲಾ ಅಂತ ತಲೆ ಮೇಲೆ ಕೈಯಿಟ್ಟು ಕೂತೆ. ರಾತ್ರಿಯೆಲ್ಲಾ ನಿದ್ದೆಯಿಲ್ಲ.

ಬೆಳಿಗ್ಗೆ ಯಜಮಾನರಿಗೆ ಫೋನ್ ಮಾಡಿದೆ. ಅವರು ನಕ್ಕರು. "ಬೆಸುಗೆ ಹನಿ ತೆಗೆದೆಯೇನಪ್ಪಾ?" ಅಂದರು. ಯಾವ ಹನಿ? ಕೇಳಿ ಗೆಳೆಯರೇ, ಈ ಪಾಠಕ್ಕೆ ನಾನು ಒಂದು ರಾತ್ರಿಯ ನಿದ್ದೆ ತೆತ್ತಿದ್ದೇನೆ. ನಮ್ಮ ಮೈಮೇಲಿನ ಸ್ಥಿರ ವಿದ್ಯುತ್ ತಗುಲಿದರೂ ಲೇಸರ್ ಸಾಯುತ್ತೆ. ಅದಕ್ಕೇ ಹೊಸ ಪಿಕಪ್ಪಿನಲ್ಲಿ ಎರಡು ಚುಕ್ಕೆಗಳನ್ನು ಒಂದು ಹನಿ ಬೆಸುಗೆಯಿಂದ ಸೇರಿಸಿ, ಲೇಸರನ್ನು ಕಟ್ಟಿಹಾಕಿ ಕಳಿಸಿರುತ್ತಾರೆ. ಮೊದಲು ವೈರು ಸಿಕ್ಕಿಸಬೇಕು, ಆಮೇಲೆ ಬಿಸಿ ಕಡ್ಡಿಯಿಂದ ಆ ಹನಿ ಎತ್ತಬೇಕು. ಹನಿ ಎತ್ತದಿದ್ದರೆ ಲೇಸರ್ ಬೆಳಗುವುದೇ ಇಲ್ಲ!

ಸಾಸಿವೆ ಕಾಳಿನಷ್ಟು ಹನಿ. ಎತ್ತಿದೆ. ಪರದೆಯ ಮೇಲೆ ಗಣಪತಿ, ಓಲಗ, ಅಕ್ಕ ರೇಷ್ಮೆ ಸೀರೆಯಲ್ಲಿ!

ಆದರೆ ಕ್ಲೈಮ್ಯಾಕ್ಸಿನಲ್ಲಿ ಕೈ ಕೊಟ್ಟಿತು

ಅಮ್ಮನನ್ನು ಕರೆಯದೆ ಒಬ್ಬನೇ ಕೂತು ನೋಡಿದೆ. ಧಾರೆ ಆಯಿತು, ಊಟದ ಪಂಕ್ತಿ ಎದ್ದಿತು. ಅಪ್ಪ ಎದ್ದು ನಿಂತರು. ಟವಲ್ ತೆಗೆದರು. ಎಡಕ್ಕೆ ತಿರುಗಿ ಬಾಯಿ ತೆರೆದರು... ಚಿತ್ರ ನಿಂತಿತು! ಚೌಕ ಚೌಕ ಚೂರಾಗಿ ಅಪ್ಪನ ಮುಖ ಒಡೆದುಹೋಯಿತು. ಮತ್ತೆ ಹಾಕಿದೆ. ಮತ್ತೆ ಅಲ್ಲೇ!

ಕೂತು ಯೋಚನೆ ಮಾಡಿದೆ. ಡಿಸ್ಕನ್ನು ಯಂತ್ರ ಓದುವುದು ನಡುವಿನಿಂದ ಅಂಚಿಗೆ. ಎರಡು ಗಂಟೆಯ ಕ್ಯಾಸೆಟ್ ಡಿಸ್ಕ್ ಪೂರಾ ತುಂಬಿದೆ, ಅಪ್ಪ ಇರುವುದು ಕೊನೆಯಲ್ಲಿ. ಅಂದರೆ ಅಂಚಿನಲ್ಲಿ. ಪಿಕಪ್ ಅಲ್ಲಿಯವರೆಗೆ ಎರಡು ಕಂಬಿಗಳ ಮೇಲೆ ಜಾರಿಕೊಂಡು ಹೋಗಬೇಕು. ಕಂಬಿ ನೋಡಿದರೆ ಹಳೇ ಗ್ರೀಸು ಒಣಗಿ ಅಂಟಾಗಿದೆ! ಆಲ್ಕೋಹಾಲಿನಿಂದ ತೊಳೆದು, ಪ್ಲಾಸ್ಟಿಕ್ಕಿಗೆ ಆಗಿಬರುವ ಬಿಳಿ ಗ್ರೀಸನ್ನು ತೆಳ್ಳಗೆ ಸವರಿದೆ. ಅಡುಗೆ ಎಣ್ಣೆ, ತಲೆಗೆ ಹಾಕುವ ಎಣ್ಣೆ ಹಾಕೀರಿ ಮತ್ತೆ, ಅದೇ ಅಂಟಾಗೋದು.

ಡಿಸ್ಕಿನ ಮೇಲೂ ಭಯವಿತ್ತು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕು ಅಚ್ಚೊತ್ತಿದ್ದು, ಗಟ್ಟಿ. ಸ್ಟುಡಿಯೋದಲ್ಲಿ ಬರೆಸಿದ್ದು ಬಣ್ಣದ ಪದರದ ಮೇಲೆ ಸುಟ್ಟದ್ದು. ಬಿಸಿಲು, ಸೆಕೆ ತಾಗಿದರೆ ಆ ಬಣ್ಣ ಮಾಸುತ್ತೆ. ಮಾಸಿದ್ದರೆ ಯಾವ ಗ್ರೀಸೂ ಅಪ್ಪನನ್ನು ತರಲಾರದು.

ಸಂಜೆ ಅಮ್ಮನನ್ನು ಕೂರಿಸಿದೆ. ನನ್ನ ಮಗ ನೆಲದ ಮೇಲೆ ಕೂತ. ಅಪ್ಪ ಎದ್ದು ನಿಂತರು, ಟವಲ್ ತೆಗೆದರು, ಎಡಕ್ಕೆ ತಿರುಗಿದರು... ಮಾತು ಬಂತು! ಬಲಕ್ಕೆ ತಿರುಗಿದರು, ಇನ್ನೊಂದು ದನಿ! ಕೊನೆಯ ಅಕ್ಷರದವರೆಗೂ ಒಂದು ಚೂರೂ ಒಡೆಯಲಿಲ್ಲ.

ನನ್ನ ಮಗ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ದೀಪ ಹಚ್ಚಿದ ಮೇಲೆ ಮನೆಯೊಳಗೆ ಸಿಳ್ಳೆ ಹಾಕಿದರೆ ಬೈಯುವ ಅಮ್ಮ ಅವತ್ತು ಬೈಯಲಿಲ್ಲ. "ಇನ್ನೊಂದ್ಸಲ ಹಾಕೋ" ಅಂದಳು.

ಕೊನೆಗೊಂದು ಮಾತು

ಆಮೇಲೆ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ಒಂದನ್ನು ಕೊಂಡು, ಡಿಸ್ಕಿನ 'ವಿಡಿಯೋ ಟಿಎಸ್' ಫೋಲ್ಡರನ್ನು ಇದ್ದ ಹಾಗೇ ಹಾರ್ಡ್‌ಡಿಸ್ಕಿಗೂ ಪೆನ್‌ಡ್ರೈವಿಗೂ ನಕಲು ಮಾಡಿದೆ. ಒಂದು ಪ್ರತಿ ನನ್ನಲ್ಲಿ, ಒಂದು ಅಕ್ಕನಲ್ಲಿ. "ಅದನ್ನ ಮೊದಲೇ ಕೊಂಡಿದ್ದರೆ ಇಷ್ಟೆಲ್ಲಾ ರಾಮಾಯಣ ಬೇಕಿತ್ತಾ?" ಅಂತೀರಾ? ಬೇಕಿರಲಿಲ್ಲ, ಒಪ್ಪಿದೆ! ನೀವಾದರೂ ಮನೆಯ ಡಿಸ್ಕುಗಳ ನಕಲು ಇವತ್ತೇ ತೆಗೆದಿಡಿ, ಯಂತ್ರದ ಕತೆ ಆಮೇಲೆ ನೋಡೋಣ. ಹಳೇ ಪ್ಲೇಯರಿನಲ್ಲಿ ಯುಎಸ್‌ಬಿ ತೂತಿದ್ದರೆ ಪೆನ್‌ಡ್ರೈವನ್ನು 'ಫ್ಯಾಟ್ 32' ಮಾಡಿ ಹಾಕಿ. ಒಂದೊಂದು ಫೈಲು 4 ಜಿಬಿ ಮೀರುವಂತಿಲ್ಲ, ನೆನಪಿರಲಿ.

ಪ್ಲೇಯರ್ ಈಗ ಟಿವಿ ಪಕ್ಕದಲ್ಲೇ ಇದೆ. ಮೇಲೊಂದು ಬಟ್ಟೆ ಹೊದಿಸಿದ್ದೇನೆ, ಓಡಿಸುವಾಗ ತೆಗೆಯುತ್ತೇನೆ. ವಾರಕ್ಕೊಮ್ಮೆ ಒಂದು ಡಿಸ್ಕ್ ಹಾಕುತ್ತೇನೆ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಮಲಗಿರಬೇಕಲ್ಲ? ಈ ಭಾನುವಾರ ಇಳಿಸಿ, ಧೂಳು ಕೊಡವಿ. ಅದು 'ನೋ ಡಿಸ್ಕ್' ಅಂದರೆ ನಂಬಬೇಡಿ. ಡಿಸ್ಕ್ ಇದೆ. ಅದಕ್ಕೆ ಕಣ್ಣು ಮಂಜಾಗಿದೆ, ಅಷ್ಟೇ!